ಸಂಬಳ ಇರುವವರ ಸ್ವಯಂಸೇವೆ

ಈ ಮಾತುಕತೆಯ ಇಬ್ಬರೂ ಕಲ್ಪಿತರು. ಒಬ್ಬರು ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಕಕ್ಕಿಂಜೆಯ ನಿವೃತ್ತ ಮಾಷ್ಟ್ರು. ಯಾವ ಹೊಸ ಮಾತನ್ನೂ ಕೆಂಪು ಶಾಯಿ ಹಿಡಿದೇ ಓದುವವರು. ಇನ್ನೊಬ್ಬರು ವಿದ್ಯುತ್ ಎಂಜಿನಿಯರ್, ಹೆಂಗಸು. ವಾದ ಎಂಜಿನಿಯರರ ಕಡೆಗೆ ವಾಲಿದಂತೆ ಕಂಡರೆ ಅದು ನನ್ನ ಒಲವು ಎಂದೇ ಓದುಗರು ತಿಳಿಯಬಹುದು. ಮಾಷ್ಟ್ರ ಆಕ್ಷೇಪಗಳನ್ನೂ ನಾನೇ ಬರೆದಿದ್ದೇನೆ. ಅವುಗಳಲ್ಲಿ ಒಂದೆರಡು ನನ್ನನ್ನೇ ಕಾಡುವಂಥವು.

ಮಾಷ್ಟ್ರು: ಎಂಜಿನಿಯರಿಂಗ್ ವೃತ್ತಿಯಲ್ಲಿ ವೈವಿಧ್ಯ ಬೇಕು, ಅದಕ್ಕೆ ಸ್ವಯಂಸೇವಕರು ಮುಂದಾಳುಗಳಾಗಬೇಕು ಅಂತ ನೀವು ಹೇಳುವ ಮಾತು ಬೆಂಗಳೂರಿನ ದೊಡ್ಡ ಹೋಟೆಲಿನ ಸಭೆಗೆ ಒಪ್ಪುತ್ತದೆ. ಇಲ್ಲಿ ಕಕ್ಕಿಂಜೆಯ ರಸ್ತೆ ಬದಿಯಲ್ಲಿ ನಿಂತು ನೋಡಿ. ಬೆಳಿಗ್ಗೆ ಉಜಿರೆ ಕಡೆಗೆ ಹೋಗುವ ಬಸ್ಸಿನಲ್ಲಿ ಹೆಣ್ಣುಮಕ್ಕಳು ತುಂಬಿರುತ್ತಾರೆ. ಉಜಿರೆಯಲ್ಲಿ ಎಸ್‌ಡಿಎಂನವರ ತಾಂತ್ರಿಕ ಕಾಲೇಜು ಉಂಟು. ಮೂಡುಬಿದಿರೆಯ ಸುತ್ತ ಆಳ್ವಾಸ್, ಮೈಟ್, ಯೆನೆಪೋಯ ಅಂತ ಮೂರು ಉಂಟು. ಎಲ್ಲವೂ 2007–08ರ ಹೊತ್ತಿಗೆ ಶುರುವಾದವು. ಸುರತ್ಕಲ್ಲಿನದ್ದಂತೂ 1960ರದ್ದು. ಬಾಗಿಲು ತೆರೆದೇ ಉಂಟಲ್ಲ ಮಾರಾಯ್ರೇ, ಇನ್ನು ಯಾರನ್ನು ಕೈಹಿಡಿದು ಒಳಗೆ ಕರೆಯಬೇಕು?

ಎಂಜಿನಿಯರ್: ಬಾಗಿಲು ತೆರೆದಿರುವುದು ಹೌದು ಮಾಷ್ಟ್ರೇ. ಒಳಗೆ ಯಾರಿದ್ದಾರೆಂದು ಎಣಿಸಿ ನೋಡಿ. ದೇಶದ ಒಟ್ಟು ಉನ್ನತ ಶಿಕ್ಷಣದಲ್ಲಿ ಹೆಣ್ಣುಮಕ್ಕಳು ಹತ್ತಿರ ಹತ್ತಿರ ಅರ್ಧಕ್ಕೆ ಬಂದಿದ್ದಾರೆ. ಎಂಜಿನಿಯರಿಂಗ್ ಪದವಿಯಲ್ಲಿ ಮಾತ್ರ ನೂರಕ್ಕೆ ಮೂವತ್ತರ ಆಸುಪಾಸಿನಲ್ಲೇ ನಿಂತಿದ್ದಾರೆ. ಅಲ್ಲೂ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳಲ್ಲಿ ಕಾಣುವ ಮುಖಗಳು ಮೆಕ್ಯಾನಿಕಲ್ ಕಾರ್ಯಾಗಾರದಲ್ಲಿ ಕಾಣುವುದಿಲ್ಲ. ಐಐಟಿಗಳು 2018ರಲ್ಲಿ ಹೆಣ್ಣುಮಕ್ಕಳಿಗೆಂದು ಹೆಚ್ಚುವರಿ ಸೀಟು ಸೃಷ್ಟಿಸಬೇಕಾಗಿ ಬಂದದ್ದು ತಮಾಷೆಗಲ್ಲ; ತೆರೆದ ಬಾಗಿಲಿನಿಂದ ಬರುವವರು ಅಷ್ಟು ಕಡಿಮೆ ಇದ್ದರು. ಇನ್ನು ಕಾಲೇಜು ಮುಗಿದ ಮೇಲಿನ ಕಥೆ ಬೇರೆ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಹೆಂಗಸರಿಗೆ ರಾತ್ರಿ ಪಾಳಿಯನ್ನು ನಿಷೇಧಿಸಿತ್ತು. ಕರ್ನಾಟಕದಲ್ಲಿ ಷರತ್ತುಗಳ ಮೇಲೆ ಅದು ಸಡಿಲವಾದದ್ದು 2019ರಲ್ಲಿ. ಎಪ್ಪತ್ತು ವರ್ಷ ಕಾರ್ಖಾನೆಯ ಯಜಮಾನ ಹೆಣ್ಣು ಎಂಜಿನಿಯರನ್ನು ಬೇಡವೆನ್ನಲು ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ರಕ್ಷಣೆಗೆಂದು ಹಾಕಿದ ಬೇಲಿಯೇ ಅವರನ್ನು ಹೊರಗಿಟ್ಟಿತು.

ಮಾಷ್ಟ್ರು: ಅಂಥ ಬೇಲಿ ಹಾರಿದವರೂ ಇದ್ದಾರಲ್ಲ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರ ವಿಷಯ ಇಲ್ಲಿನ ಮಕ್ಕಳಿಗೂ ಗೊತ್ತು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತ ಟೆಲ್ಕೊ ಕಂಪನಿ ಜಾಹೀರಾತು ಕೊಟ್ಟಾಗ, 1974ರಲ್ಲಿ, ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದರು, ಕೆಲಸ ಸಿಕ್ಕಿತು. ಯಾವ ಸಂಘ, ಯಾವ ಸ್ವಯಂಸೇವಕರು ಅವರ ಹಿಂದೆ ಇದ್ದರು? ಛಲ ಇದ್ದವರಿಗೆ ದಾರಿ ಸಿಗುತ್ತದೆ.

ಎಂಜಿನಿಯರ್: ಆ ಕಾರ್ಡನ್ನು ನಾನೂ ಗೌರವಿಸುತ್ತೇನೆ. ಆದರೆ ಅದು ಓದುವ ಮನಸ್ಸಿದ್ದ ಒಬ್ಬ ಯಜಮಾನನ ಕೈಗೆ ಹೋಗಿ ಬಿದ್ದದ್ದು ಅದೃಷ್ಟ. ಬೇರೆ ಕಾರ್ಖಾನೆಗಳ ಬಾಗಿಲಲ್ಲಿ ಅದೇ ನಿಯಮ ಹಾಗೆಯೇ ನಿಂತಿತ್ತು. ನನಗೆ ಅದಕ್ಕಿಂತ ಹೆಚ್ಚು ಕಲಿಸುವುದು ಮದರಾಸಿನ ಎ. ಲಲಿತಾ ಅವರ ಜೀವನ. ಹದಿನೆಂಟರ ಹೊತ್ತಿಗೆ ವಿಧವೆಯಾಗಿ, ಎಳೆಯ ಮಗಳನ್ನು ಇಟ್ಟುಕೊಂಡು, 1940ರಲ್ಲಿ ಗಿಂಡಿಯ ಎಂಜಿನಿಯರಿಂಗ್ ಕಾಲೇಜು ಸೇರಿದರು. ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನೇ ಕರೆಯುತ್ತಾರೆ. ಅವರ ತಂದೆ ಪಪ್ಪು ಸುಬ್ಬರಾವ್ ಅದೇ ಕಾಲೇಜಿನ ಪ್ರಾಧ್ಯಾಪಕರಾಗಿದ್ದುದರಿಂದ ಅನುಮತಿ ಸಿಕ್ಕಿತು ಅನ್ನಿ. ನನ್ನ ಕಣ್ಣು ಹೋಗುವುದು ಅದರ ಮುಂದಿನ ಸಂಗತಿಗೆ. ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಆ ಒಂಟಿತನ ಕಂಡು ಕಾಲೇಜು ಹೆಣ್ಣುಮಕ್ಕಳಿಗೆ ಪ್ರವೇಶವಿದೆ ಎಂದು ಪ್ರಕಟಿಸಿತು. ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ ಸಿವಿಲ್ ವಿಭಾಗಕ್ಕೆ ಸೇರಿದರು. ಆ ತ್ರೇಸ್ಯಾ 1971ರಲ್ಲಿ ಕೇರಳ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರಾದರು. ಒಬ್ಬರಿಗೆ ಅನುಮತಿ ಕೊಟ್ಟು ಕಾಲೇಜು ಸುಮ್ಮನಾಗಿದ್ದರೆ ಲಲಿತಾ ಒಂದು ಅಪವಾದವಾಗಿ ಉಳಿಯುತ್ತಿದ್ದರು, ಅಷ್ಟೇ. ಇನ್ನಿಬ್ಬರನ್ನು ಕೂಗಿ ಕರೆದದ್ದರಿಂದ ಅದು ರೂಢಿಯಾಗುವ ದಾರಿ ಹಿಡಿಯಿತು. ಕೊನೆಗೆ ಲಲಿತಾ ತಾವೇ ಆ ಕೂಗುವ ಕೆಲಸಕ್ಕೆ ಇಳಿದರು. 1964ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿಬಂದರು. ಎರಡನೆಯ ಸಮ್ಮೇಳನ 1967ರಲ್ಲಿ ಕೇಂಬ್ರಿಜ್‌ನಲ್ಲಿ. ಅದಕ್ಕೆ ಭಾರತದಿಂದ ಹೆಂಗಸರನ್ನು ಹುಡುಕಿ ಕಳಿಸುವ ಹೊಣೆಯನ್ನು ಗೌರವಾರ್ಥವಾಗಿ, ಒಂದು ಪೈಸೆ ಸಂಬಳವಿಲ್ಲದೆ ಹೊತ್ತರು. ಐವರು ಹೋದರು. ಅಷ್ಟು ಹೊತ್ತಿಗೆ ಅವರು ಕಲ್ಕತ್ತೆಯ ಕಂಪನಿಯೊಂದರಲ್ಲಿ ವಿದ್ಯುತ್ ಪ್ರಸರಣ ಮಾರ್ಗಗಳನ್ನು ವಿನ್ಯಾಸ ಮಾಡುತ್ತಿದ್ದ ಅನುಭವಿ ಎಂಜಿನಿಯರ್. ಆ ಸಂಬಳದ ಕೆಲಸ ಎಷ್ಟು ಎಂಜಿನಿಯರಿಂಗೋ ಈ ಸಂಬಳವಿಲ್ಲದ ಕೆಲಸವೂ ಅಷ್ಟೇ ಎಂಜಿನಿಯರಿಂಗ್ ಅಂತ ನನ್ನ ವಾದ.

ಮಾಷ್ಟ್ರು: ಮದರಾಸು, ನ್ಯೂಯಾರ್ಕ್ ಆಯ್ತು. ನಮ್ಮ ಮೈಸೂರು ರಾಜ್ಯದಲ್ಲಿ ಎಂತ ಆಯ್ತು ಹೇಳಿ.

ಎಂಜಿನಿಯರ್: ರಾಜೇಶ್ವರಿ ಚಟರ್ಜಿ ಆದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. 1922ರಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ವಿಜ್ಞಾನ ಸಂಸ್ಥೆಗೇ ಮರಳಿ ಅಧ್ಯಾಪಕಿಯಾದರು. ಗಂಡ ಶಿಶಿರ್ ಕುಮಾರ್ ಚಟರ್ಜಿ ಅವರ ಜೊತೆ ಮೈಕ್ರೋವೇವ್ ಸಂಶೋಧನೆಗೆ ಅಡಿಪಾಯ ಹಾಕಿದರು, ಇಪ್ಪತ್ತು ಮಂದಿಯನ್ನು ಪಿಎಚ್‌ಡಿಗೆ ತಯಾರು ಮಾಡಿದರು. ಈಗ ಹಿಂದಕ್ಕೆ ಹೋಗಿ ನೋಡಿ. ಅವರು ಬಾಲ್ಯದಲ್ಲಿ ಓದಿದ್ದು ಅಜ್ಜಿ ಕಮಲಮ್ಮ ದಾಸಪ್ಪ ಅವರು ಮಹಿಳಾ ಸೇವಾ ಸಮಾಜದ ಅಡಿಯಲ್ಲಿ ಕಟ್ಟಿದ ಶಾಲೆಯಲ್ಲಿ. ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಆ ಅಜ್ಜಿ ಒಬ್ಬರು. ವಿಧವೆಯರು, ಶಾಲೆ ಬಿಟ್ಟ ಹೆಣ್ಣುಮಕ್ಕಳು ಓದು ಮುಂದುವರಿಸಲಿ ಎಂದು ಸಂಘದ ಹೆಂಗಸರು ಮಾಡಿದ ಸ್ವಯಂಸೇವೆಯ ಫಲ ಎರಡು ತಲೆಮಾರು ದಾಟಿ ಒಂದು ಆಂಟೆನಾ ಪ್ರಯೋಗಾಲಯದಲ್ಲಿ ಕಂಡಿತು. ಛಲ ರಾಜೇಶ್ವರಿಯವರದೇ, ಸಂದೇಹವಿಲ್ಲ. ಆದರೆ ಆ ಛಲಕ್ಕೆ ಕೂರಲು ಒಂದು ಬೆಂಚು ಇತ್ತು, ಬೆಂಚನ್ನು ಬೇರೆ ಯಾರೋ ಮಾಡಿಸಿಟ್ಟಿದ್ದರು. 1982ರಲ್ಲಿ ನಿವೃತ್ತರಾದ ಮೇಲೆ ಅವರೂ ಮಹಿಳಾ ಅಧ್ಯಯನದ ಸಂಘದ ಕೆಲಸಕ್ಕೆ ಹೋದರು.

ಮಾಷ್ಟ್ರು: ಇರಲಿ. ನನಗೆ ಬುಡದಲ್ಲೇ ಒಂದು ಸಂಶಯ ಉಂಟು. ಸೇತುವೆ ಮೇಲೆ ಹೋಗುವ ಲಾರಿಗೆ ಅದನ್ನು ಕಟ್ಟಿದವರು ಗಂಡಸೋ ಹೆಂಗಸೋ, ಬ್ಯಾರಿಗಳೋ ಬಿಲ್ಲವರೋ, ಮಲೆಕುಡಿಯರೋ ಭಟ್ಟರೋ ಅಂತ ಗೊತ್ತಾಗುವುದಿಲ್ಲ. ಕಾಂಕ್ರೀಟಿಗೆ ಜಾತಿ ಇಲ್ಲ. ಲೆಕ್ಕ ಸರಿ ಇದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಹಾಗಿರುವಾಗ ಲೆಕ್ಕ ಮಾಡುವವರು ಯಾರಾದರೇನು? ಯೋಗ್ಯತೆ ಒಂದು ನೋಡಿದರೆ ಸಾಲದಾ?

ಎಂಜಿನಿಯರ್: ಲಾರಿಗೆ ಗೊತ್ತಾಗುವುದಿಲ್ಲ, ಒಪ್ಪಿದೆ. ಸೇತುವೆ ಎಲ್ಲಿ ಬೇಕು, ಯಾರಿಗೆ ಬೇಕು ಎಂದು ತೀರ್ಮಾನವಾಗುವ ಮೇಜಿನಲ್ಲಿ ಗೊತ್ತಾಗುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರನ್ನು ಇಡೀ ದೇಶ ತೂಗುಸೇತುವೆಯ ಸರದಾರ ಎಂದು ಕೊಂಡಾಡಿ 2017ರಲ್ಲಿ ಪದ್ಮಶ್ರೀ ಕೊಟ್ಟಿತು. ಅವರ ಮೊದಲ ತೂಗುಸೇತುವೆ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಆದದ್ದು ಯಾವ ಇಲಾಖೆಯ ಯೋಜನೆಯಿಂದಲೂ ಅಲ್ಲ. ಊರವರು ಬಂದು ಕೇಳಿದರು, ದುಡ್ಡು ಒಟ್ಟು ಮಾಡಿದರು, ಮೈಮುರಿದು ದುಡಿದರು. ಲಾರಿ ಹೋಗುವ ಸೇತುವೆಯ ಲೆಕ್ಕ ಮಾತ್ರ ಗೊತ್ತಿದ್ದ ಕಚೇರಿಗೆ, ಮಳೆಗಾಲದಲ್ಲಿ ಹೊಳೆ ದಾಟಲಾಗದ ಶಾಲೆಯ ಮಗು ಲೆಕ್ಕಕ್ಕೇ ಬಂದಿರಲಿಲ್ಲ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಪ್ರಶ್ನೆಯೇ ಅರ್ಧ ಇತ್ತು. ಹೊರಗಿನದ್ದೂ ಒಂದು ಹೇಳುತ್ತೇನೆ. ಕಾರಿನ ಸುರಕ್ಷತೆ ಪರೀಕ್ಷಿಸಲು ದಶಕಗಳ ಕಾಲ ಬಳಸಿದ ಬೊಂಬೆ ಸರಾಸರಿ ಗಂಡಸಿನ ಮೈಕಟ್ಟಿನದು. ಸೀಟ್ ಬೆಲ್ಟ್ ಹಾಕಿಕೊಂಡಿದ್ದರೂ ಅಪಘಾತದಲ್ಲಿ ಹೆಂಗಸಿಗೆ ಗಂಭೀರ ಗಾಯವಾಗುವ ಸಂಭವ ಗಂಡಸಿಗಿಂತ ನೂರಕ್ಕೆ 47ರಷ್ಟು ಹೆಚ್ಚು ಎಂದು ವರ್ಜೀನಿಯ ವಿಶ್ವವಿದ್ಯಾಲಯದವರ ಅಧ್ಯಯನ 2011ರಲ್ಲಿ ತೋರಿಸಿತು. ಆ ಕಾರಿನ ಎಂಜಿನಿಯರುಗಳಲ್ಲಿ ಅಯೋಗ್ಯರು ಇದ್ದರು ಅಂತ ಯಾರೂ ಹೇಳಲಾರರು. ಎಲ್ಲರೂ ಒಂದೇ ಥರದವರಿದ್ದಾಗ ಎಲ್ಲರೂ ಒಂದೇ ಕಡೆ ಕುರುಡಾಗಿರುತ್ತಾರೆ.

ಯೋಗ್ಯತೆಯ ಮಾತಿಗೆ ಬರುತ್ತೇನೆ. ಅಜಂತಾ ಸುಬ್ರಮಣಿಯನ್ ಐಐಟಿಗಳ ಮೇಲೆ 2019ರಲ್ಲಿ ಬರೆದ ಪುಸ್ತಕ, ತಲೆಮಾರುಗಳಿಂದ ಕೂಡಿಟ್ಟ ಅನುಕೂಲವೇ ಪರೀಕ್ಷೆಯ ಅಂಕವಾಗಿ, ಅಂಕವೇ ಹುಟ್ಟುಗುಣವಾಗಿ ಹೇಗೆ ತೋರತೊಡಗುತ್ತದೆ ಎಂದು ಬಿಡಿಸಿ ತೋರಿಸುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಾಜ್ಯದ ಸಿಇಟಿಯಲ್ಲೇ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ ಹದಿನೈದು, ಕನ್ನಡ ಮಾಧ್ಯಮದವರಿಗೆ ಐದು ಸೀಟು ಮೀಸಲು. ಕಕ್ಕಿಂಜೆಯ ಮಕ್ಕಳು ಪಡೆಯುವ ಅಂಕ ಮಂಗಳೂರಿನ ಮಕ್ಕಳ ಅಂಕಕ್ಕೆ ನೇರ ಸಮವಲ್ಲ ಎಂದು ಸರಕಾರವೇ ಒಪ್ಪಿಕೊಂಡ ಹಾಗಾಯಿತು. ಈ ಮೀಸಲು ನಿಮಗೆ ಅನ್ಯಾಯವಾಗಿ ಕಾಣುತ್ತದಾ?

ಮಾಷ್ಟ್ರು: ಅದು ಕಾಣುವುದಿಲ್ಲ.

ಎಂಜಿನಿಯರ್: ಹಾಗಾದರೆ ತತ್ತ್ವ ನಿಮಗೂ ಒಪ್ಪಿಗೆ ಇದೆ, ಬರೇ ಅದರ ವ್ಯಾಪ್ತಿಯ ಬಗ್ಗೆ ಚರ್ಚೆ. ಇನ್ನೊಂದು ಮಾತು. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಅಡಿಕೆ ಮರ ಹತ್ತುವ ಕೂಲಿಯಾಗಿದ್ದವರು. ಸಿಕ್ಕಿದ ಬೋಳುಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಕೊರೆದ ಸುರಂಗಗಳು ಒಂದರ ಮೇಲೊಂದು ಸೋತವು, ಆಮೇಲೆ ನೀರು ಸಿಕ್ಕಿತು, ಅಲ್ಲೇ ತೋಟ ಮಾಡಿದರು. 2022ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. ಗುಡ್ಡದ ಯಾವ ಪದರದಲ್ಲಿ ನೀರು ಹರಿಯುತ್ತದೆ, ಮಣ್ಣು ಎಲ್ಲಿ ಕುಸಿಯುತ್ತದೆ, ಯಾವ ಇಳಿಜಾರಿನಲ್ಲಿ ಕೊರೆದರೆ ಪಂಪಿಲ್ಲದೆ ನೀರು ಹೊರಗೆ ಬರುತ್ತದೆ, ಈ ತಿಳಿವಳಿಕೆಯನ್ನು ಎಂಜಿನಿಯರಿಂಗ್ ಎನ್ನದೆ ಬೇರೆ ಏನೆನ್ನಬೇಕು? ಅದೇ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕನ್ನು ಮಾಡಿದಾಗ, 2019ರಲ್ಲಿ, ಊರೂರಿಗೆ ಹರಡಿದ ವಿಡಿಯೊದಲ್ಲಿ ಆ ಬೈಕಿನಲ್ಲಿ ಮರ ಏರಿದ್ದು ಅವರ ಮಗಳು. ತಲೆಮಾರುಗಳಿಂದ ಗಂಡಸಿನ ತೋಳುಬಲದ್ದೆಂದು ತಿಳಿದಿದ್ದ ಕೆಲಸ ಒಂದು ಯಂತ್ರದಿಂದ ಕ್ಷಣದಲ್ಲಿ ಬೇರೆಯವರಿಗೂ ತೆರೆದುಕೊಂಡಿತು. ಇಂಥವರ ಬುದ್ಧಿಯನ್ನು ನಾವು ಪ್ರಶಸ್ತಿ ಕೊಟ್ಟು ಕೊಂಡಾಡುತ್ತೇವೆ. ವೃತ್ತಿಯ ಒಳಗೆ ಮಾತ್ರ ಅದಕ್ಕೆ ಜಾಗ ಮಾಡಿಕೊಡುವುದಿಲ್ಲ.

ಮಾಷ್ಟ್ರು: ಇದನ್ನೆಲ್ಲ ಒಪ್ಪುತ್ತೇನೆ ಅಂತಲೇ ಇಟ್ಟುಕೊಳ್ಳಿ. ಸ್ವಯಂಸೇವಕರು ಅಂದ ಕೂಡಲೇ ನನಗೆ ಕಾಣುವುದು ಎಂತ ಗೊತ್ತುಂಟಾ? ಒಂದು ಭಾನುವಾರ ಬೆಂಗಳೂರಿನಿಂದ ಒಂದು ವ್ಯಾನು. ಒಂದೇ ಬಣ್ಣದ ಟೀ ಶರ್ಟು. ಹೈಸ್ಕೂಲಿನ ಮಕ್ಕಳನ್ನು ಬಿಸಿಲಿಗೆ ಕೂರಿಸಿ ರೋಬೋಟ್ ಓಡಿಸಿ ತೋರಿಸುವುದು, ಬ್ಯಾನರಿನ ಕೆಳಗೆ ನಿಂತು ಫೋಟೊ, ಮಧ್ಯಾಹ್ನ ಊಟ, ಸಂಜೆ ಧರ್ಮಸ್ಥಳದ ದರ್ಶನ. ಮುಂದಿನ ವರ್ಷ ಅವರ ಪತ್ತೆ ಇಲ್ಲ. ಇದು ನಾಯಕತ್ವವಾ?

ಎಂಜಿನಿಯರ್: ಅಲ್ಲ. ಇದರಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಆ ವ್ಯಾನಿನ ತಪ್ಪು ರೋಬೋಟಿನದ್ದಲ್ಲ. ಏನು ತೋರಿಸಬೇಕು ಎಂದು ಇಲ್ಲಿ ಯಾರನ್ನೂ ಕೇಳದೆ ಅಲ್ಲಿಂದಲೇ ತೀರ್ಮಾನ ಮಾಡಿ ಬಂದಿದ್ದಾರೆ. ಇದಕ್ಕೆ ಪ್ರತಿಯಾಗಿ ಪುತ್ತೂರಿನ ‘ಅಡಿಕೆ ಪತ್ರಿಕೆ’ಯನ್ನು ನೋಡಿ. 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟು ನಡೆದು ಬಂದದ್ದು. ಕೃಷಿ ವಿಜ್ಞಾನಿ ಬರೆದು ರೈತ ಓದುವ ಕ್ರಮವನ್ನು ಅವರು ತಲೆಕೆಳಗು ಮಾಡಿದರು. ರೈತರು ಬರೆದರು, ವಿಜ್ಞಾನಿಗಳೂ ಓದಿದರು. ಎಂಜಿನಿಯರಿಂಗ್ ವೃತ್ತಿಗೆ ಅಂಥ ಒಂದು ತಿರುವು ಇನ್ನೂ ಬಂದಿಲ್ಲ. ವೃತ್ತಿಸಂಘಗಳು ನಮ್ಮಲ್ಲಿ ಇಲ್ಲವೆಂದಲ್ಲ. ಎಂಜಿನಿಯರುಗಳ ರಾಷ್ಟ್ರೀಯ ಸಂಸ್ಥೆ 1920ರದ್ದು. ಐಇಇಇಗೆ ಬೆಂಗಳೂರಿನಲ್ಲಿ ಶಾಖೆ, ಮಂಗಳೂರಿನಲ್ಲಿ ಉಪಶಾಖೆ, ಮಹಿಳಾ ಎಂಜಿನಿಯರುಗಳಿಗೆ ಅದರಲ್ಲೇ ಬೇರೆ ವೇದಿಕೆ ಇವೆ. ಅವರ ದುಡಿಮೆಯನ್ನು ಹಗುರ ಮಾಡುವುದಿಲ್ಲ. ಆದರೆ ಅದರ ಹೆಚ್ಚಿನ ಪಾಲು ಈಗಾಗಲೇ ಎಂಜಿನಿಯರಿಂಗ್ ಕಾಲೇಜಿಗೆ ಬಂದು ಮುಟ್ಟಿದವರಿಗೆ ಸಲ್ಲುತ್ತದೆ. ಯಾರು ಬರುವುದಿಲ್ಲ ಎಂಬುದು ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಮನೆಯ ಚಾವಡಿಯಲ್ಲಿ ತೀರ್ಮಾನವಾಗಿ ಹೋಗಿರುತ್ತದೆ.

ಮಾಷ್ಟ್ರು: ಹಾಗಾದರೆ ಊರಿನ ಹೆಂಗಸರೇ ಮುಂದಾಳುಗಳಾಗಲಿ ಅಂತೀರಾ? ಅದು ನಮ್ಮಲ್ಲಿ ಹೊಸತಲ್ಲ. 1982ರಲ್ಲಿ ಧರ್ಮಸ್ಥಳದಿಂದ ಗ್ರಾಮಾಭಿವೃದ್ಧಿ ಯೋಜನೆ ಶುರುವಾದ ಮೇಲೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸ್ವಸಹಾಯ ಸಂಘ ಇಲ್ಲದ ಊರು ಹುಡುಕಬೇಕು. ಲೆಕ್ಕ ಬರೆಯುವುದು, ಸಾಲ ಕೊಡುವುದು, ವಸೂಲಿ, ಸಭೆ ನಡೆಸುವುದು, ಎಲ್ಲ ಅವರಿಗೆ ಬರುತ್ತದೆ. ಜಲಜೀವನ ಮಿಷನ್ ಬಂದ ಮೇಲೆ ನೀರಿನ ಸಮಿತಿಯಲ್ಲಿ ಅರ್ಧ ಹೆಂಗಸರು ಇರಬೇಕು, ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡಲು ಕಲಿಸಬೇಕು ಅಂತಲೂ ನಿಯಮ ಉಂಟು. ನಿಮ್ಮ ವೈವಿಧ್ಯ ಬಂತಲ್ಲ!

ಎಂಜಿನಿಯರ್: ನನಗೆ ಹೆದರಿಕೆ ಇರುವುದು ಸರಿಯಾಗಿ ಇಲ್ಲೇ. ಆಶಾ ಕಾರ್ಯಕರ್ತೆಯರನ್ನು ನೆನಪು ಮಾಡಿಕೊಳ್ಳಿ. 2005ರಲ್ಲಿ ಆ ಯೋಜನೆ ಬಂದಾಗಿನಿಂದ ದಾಖಲೆಯಲ್ಲಿ ಅವರು ಸ್ವಯಂಸೇವಕಿಯರು. ಹೆರಿಗೆಗೆ ಕರೆದುಕೊಂಡು ಹೋಗುವುದು, ಲಸಿಕೆ, ಸಮೀಕ್ಷೆ, ಕೋವಿಡ್ ಕಾಲದಲ್ಲಿ ಮನೆಮನೆಗೆ ತಿರುಗಾಟ. ಕೆಲಸ ನೌಕರರದ್ದು, ಹೆಸರು ಸ್ವಯಂಸೇವೆಯದ್ದು, ಸಿಗುವುದು ಗೌರವಧನ. ಅದು ಸಾಲದೆಂದು ಎಷ್ಟು ಸಲ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು! ನೀರು ಪರೀಕ್ಷೆಯ ಐವರು ಹೆಂಗಸರೂ ಅದೇ ದಾರಿಗೆ ಬೀಳಬಹುದು. ಕ್ಲೋರಿನ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ, ಮಾದರಿಯಲ್ಲಿ ಕೋಲಿಫಾರಂ ಇದೆಯೇ ಎಂದು ನೋಡುವುದು ಪ್ರಯೋಗಾಲಯ ತಂತ್ರಜ್ಞರ ಕೆಲಸ. ಪೇಟೆಯಲ್ಲಿ ಅದಕ್ಕೆ ಹುದ್ದೆ ಉಂಟು, ಸಂಬಳ ಉಂಟು. ಹಳ್ಳಿಯ ಹೆಂಗಸು ಮಾಡಿದರೆ ಸೇವೆ ಎನ್ನುತ್ತಾರೆ. ಪಂಪು ಚಾಲೂ ಮಾಡುವ ನೀರುಗಂಟಿಗೆ ಪಂಚಾಯಿತಿ ವೇತನ ಕೊಡುತ್ತದೆ. ಆ ಕೆಲಸಕ್ಕೆ ಹೆಂಗಸನ್ನು ನೇಮಿಸಿದ್ದನ್ನು ನೀವು ಎಷ್ಟು ಕಡೆ ಕಂಡಿದ್ದೀರಿ? ವೈವಿಧ್ಯದ ಹೆಸರಿನಲ್ಲಿ ಹೆಂಗಸರಿಗೆ ಬಿಟ್ಟಿ ಕೆಲಸ, ಗಂಡಸರಿಗೆ ಹುದ್ದೆ ಎಂದಾದರೆ ಅದಕ್ಕಿಂತ ವೈವಿಧ್ಯ ಇಲ್ಲದಿರುವುದೇ ಲೇಸು.

ನಾನು ಹೇಳಬೇಕೆಂದಿರುವುದು ಇಷ್ಟೇ ಮಾಷ್ಟ್ರೇ. ಸ್ವಯಂಸೇವೆ ಮಾಡಬೇಕಾದವರು ವೃತ್ತಿಯ ಒಳಗೆ ಇದ್ದು ಸಂಬಳ ತೆಗೆದುಕೊಳ್ಳುತ್ತಿರುವವರು. ವೃತ್ತಿಯ ಹೊರಗೆ ಇರುವವರ ಕೆಲಸಕ್ಕೆ ಕೂಲಿ ಸಲ್ಲಬೇಕು. ಏನು ಮಾಡಬೇಕೆಂದು ಹೇಳುವ ಅಧಿಕಾರವೂ ಆ ಹೊರಗಿನವರದ್ದಾಗಬೇಕು. ಈಗ ನಡೆಯುತ್ತಿರುವುದು ಇದಕ್ಕೆ ಪೂರ್ತಿ ಉಲ್ಟಾ: ಬಿಟ್ಟಿ ದುಡಿಮೆ ಹೊರಗಿನವರದ್ದು, ಮುಂದಾಳುತನ ಮತ್ತು ಫೋಟೊ ಒಳಗಿನವರದ್ದು.

ಮಾಷ್ಟ್ರು: ಮಾತು ಚೆನ್ನಾಗಿ ಉಂಟು. ಆದರೆ ವೃತ್ತಿಯ ಒಳಗೆ ಇರುವವರು ಅಂದಿರಲ್ಲ, ಅವರಲ್ಲಿ ಹೆಂಗಸರ ಪಾಡು ನೋಡಿ. ಆಫೀಸು, ಮನೆ, ಮಕ್ಕಳು, ಅತ್ತೆಮಾವ. ಅದರ ಮೇಲೆ ಇನ್ನು ಊರೂರಿಗೆ ಹೋಗಿ ಹುಡುಗಿಯರಿಗೆ ದಾರಿ ತೋರಿಸುವ ಕೆಲಸವೂ ಅವರದ್ದೇ ಆದರೆ? ಮೆಕ್ಯಾನಿಕಲ್ ವಿಭಾಗದಲ್ಲಿರುವ ಒಬ್ಬಳೇ ಉಪನ್ಯಾಸಕಿಯನ್ನು ಎಲ್ಲ ಸಮಿತಿಗೂ ಹಾಕುತ್ತಾರೆ, ಎಲ್ಲ ಮಹಿಳಾ ದಿನಾಚರಣೆಗೂ ವೇದಿಕೆಗೆ ಹತ್ತಿಸುತ್ತಾರೆ. ಪಕ್ಕದ ಕೋಣೆಯ ಗಂಡಸು ಅಷ್ಟೂ ಹೊತ್ತು ತನ್ನ ಪ್ರಬಂಧ ಬರೆದು ಬಡ್ತಿ ತೆಗೆದುಕೊಳ್ಳುತ್ತಾನೆ.

ಎಂಜಿನಿಯರ್: ಇದು ನಿಮ್ಮ ಆಕ್ಷೇಪಗಳಲ್ಲೇ ಗಟ್ಟಿಯಾದದ್ದು. ಪೂರ್ತಿ ಉತ್ತರ ನನ್ನಲ್ಲಿಲ್ಲ, ಎರಡು ಮಾತು ಹೇಳಬಲ್ಲೆ. ಒಂದು ಇತಿಹಾಸದ್ದು. ಬ್ರಿಟನ್ನಿನ ಮಹಿಳಾ ಎಂಜಿನಿಯರುಗಳ ಸಂಘ ಹುಟ್ಟಿದ್ದು 1919ರ ಜೂನ್ 23ರಂದು. ಮೊದಲ ಮಹಾಯುದ್ಧದಲ್ಲಿ ಕಾರ್ಖಾನೆಗಳನ್ನು ನಡೆಸಿದ ಹೆಂಗಸರನ್ನು, ಗಂಡಸರು ಯುದ್ಧದಿಂದ ಮರಳಿದ ಮೇಲೆ ಕಾನೂನು ಮಾಡಿಯೇ ಹೊರಗೆ ಹಾಕುತ್ತಿದ್ದರು. ಅದನ್ನು ಎದುರಿಸಲು ಕಟ್ಟಿದ ಸಂಘ ಅದು. ಕಟ್ಟಿದವರು ಸ್ವಯಂಸೇವಕಿಯರೇ. ಆದರೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಜಾಹೀರಾತು ಕೊಟ್ಟು ಸಂಬಳದ ಕಾರ್ಯದರ್ಶಿಯನ್ನು ನೇಮಿಸಿದ್ದು. ಹಾಗೆ ಬಂದವರು ಕ್ಯಾರೊಲಿನ್ ಹ್ಯಾಸ್ಲೆಟ್. ಪತ್ರ ಬರೆಯುವುದು, ಚಂದಾ ವಸೂಲಿ, ಪತ್ರಿಕೆ ಹೊರಡಿಸುವುದು, ಸದಸ್ಯರಿಗೆ ಕೆಲಸ ಹುಡುಕಿಕೊಡುವುದು ಅವರ ಹೊಣೆಯಾಯಿತು. ನೂರು ವರ್ಷ ದಾಟಿಯೂ ಆ ಸಂಘ ಬದುಕಿದೆ. ಉತ್ಸಾಹ ಬಂದು ಹೋಗುತ್ತದೆ, ದಿನನಿತ್ಯದ ಕೆಲಸ ಹಿಡಿದು ಕೂರುವವರು ಒಬ್ಬರು ಬೇಕು, ಅವರಿಗೆ ಹೊಟ್ಟೆಗೆ ಬೇಕು. ನಮ್ಮ ಸಂಘಗಳು ಈ ಒಂದು ಪಾಠವನ್ನು ಇನ್ನೂ ಕಲಿತಿಲ್ಲ.

ಎರಡನೆಯದು ಗಂಡಸರ ವಿಷಯ. ಹೆಣ್ಣು ಎಂಜಿನಿಯರುಗಳನ್ನು ಹೆಚ್ಚಿಸುವುದು ಹೆಣ್ಣು ಎಂಜಿನಿಯರುಗಳ ಹೊಣೆ ಎಂದು ಯಾವ ಪುಸ್ತಕದಲ್ಲಿ ಬರೆದಿದೆ? ಲಲಿತಾ ಅವರಿಗಾಗಿ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋದವರು ತಂದೆ, ಒಪ್ಪಿದ ಪ್ರಾಂಶುಪಾಲರೂ ಗಂಡಸು. ಜಾತಿಯ ವಿಷಯದಲ್ಲೂ ಹಾಗೆಯೇ. ಚಾರ್ಮಾಡಿ ಸೆರಗಿನ ಮ‌ಲೆಕುಡಿಯರ ಮನೆಯಿಂದ ಬರುವ ಮೊದಲ ಹುಡುಗಿಗೆ ದಾರಿ ಹೇಳಬೇಕಾದವರು ಇನ್ನೊಬ್ಬ ಮಲೆಕುಡಿಯ ಎಂಜಿನಿಯರೇ ಆಗಬೇಕೆಂದು ಕಾದು ಕೂತರೆ ಅವಳಿಗೆ ವಯಸ್ಸಾಗುತ್ತದೆ. ಸಂಖ್ಯೆಯಲ್ಲಿ ಹೆಚ್ಚಿರುವವರು ಹೆಚ್ಚು ಹೊರಬೇಕು. ಹೊತ್ತದ್ದನ್ನು ಬಡ್ತಿಯ ಲೆಕ್ಕಕ್ಕೂ ಹಿಡಿಯಬೇಕು. ಪ್ರಬಂಧ ಎಷ್ಟು ಎಂದು ಕೇಳುವ ಕಾಲೇಜು, ಎಷ್ಟು ಮಕ್ಕಳನ್ನು ವೃತ್ತಿಗೆ ತಂದಿರಿ ಎಂದೂ ಕೇಳಲಿ. ಹಾಗೆ ಎಣಿಸಿದರೆ ಅದು ಸ್ವಯಂಸೇವೆಯಾಗಿ ಉಳಿಯುವುದಿಲ್ಲ ಎಂದು ನೀವು ಹೇಳಬಹುದು. ಉಳಿಯದಿದ್ದರೆ ಸಂತೋಷವೇ.

ಮಾಷ್ಟ್ರು: ಕೊನೆಗೆ ನನ್ನ ಊರಿನ ಲೆಕ್ಕ. ಇಷ್ಟೆಲ್ಲ ಮಾಡಿ ಒಬ್ಬಳು ಹುಡುಗಿಯನ್ನು ಎಂಜಿನಿಯರ್ ಮಾಡಿದರೆ ಅವಳು ಬೆಂಗಳೂರಿಗೆ, ಅಲ್ಲಿಂದ ಟೆಕ್ಸಾಸಿಗೆ. ಕಕ್ಕಿಂಜೆಗೆ ಎಂತ ಬಂತು? 2019ರ ಆಗಸ್ಟ್‌ನಲ್ಲಿ ಘಾಟಿ ಕುಸಿದು ರಸ್ತೆ ಮುಚ್ಚಿತು, ಹೊಳೆ ಉಕ್ಕಿ ತೋಟಗಳಿಗೆ ಮರಳು ತುಂಬಿತು. ಆವತ್ತು ಹಾರೆ ಹಿಡಿದು ಬಂದವರು ಅಕ್ಕಪಕ್ಕದ ಊರಿನವರು. ನಮ್ಮಲ್ಲಿಂದ ಹೋದ ಎಂಜಿನಿಯರುಗಳು ವಾಟ್ಸಾಪಿನಲ್ಲಿ ಚಿತ್ರ ನೋಡಿದರು, ಹೆಚ್ಚೆಂದರೆ ದುಡ್ಡು ಕಳಿಸಿದರು.

ಎಂಜಿನಿಯರ್: ಹೋಗುವವರು ಹೋಗುತ್ತಾರೆ. ಅವರಿಗೂ ಹೋಗುವ ಹಕ್ಕು ಉಂಟು; ಗಂಡುಮಕ್ಕಳು ಹೋದಾಗ ನಾವು ಈ ಲೆಕ್ಕ ಕೇಳಲಿಲ್ಲ. ಆದರೆ ಎಂಜಿನಿಯರಿಂಗ್ ಅಂದರೆ ಬಿ.ಇ. ಎಂದೇ ಯಾಕೆ ಹಿಡಿಯುತ್ತೀರಿ? ಡಿಪ್ಲೊಮಾ ಇದೆ, ಐಟಿಐ ಇದೆ. ಉಜಿರೆಯಲ್ಲೇ ರುಡ್‌ಸೆಟ್ ಸಂಸ್ಥೆ 1982ರಿಂದ ಹಳ್ಳಿಯ ನಿರುದ್ಯೋಗಿಗಳಿಗೆ ಮೋಟಾರು ರಿವೈಂಡಿಂಗ್, ಮೊಬೈಲ್ ರಿಪೇರಿಯಂಥ ಕೆಲಸ ಕಲಿಸುತ್ತಿದೆ. ಆ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಅನುಸರಿಸಿದವು. ಸೌರ ವಿದ್ಯುತ್ತಿನ ಸೆಲ್ಕೊ ಕಂಪನಿಯನ್ನು 1995ರಲ್ಲಿ ಕಟ್ಟಿದ ಹರೀಶ್ ಹಂದೆ, ಊರಲ್ಲೇ ಇರುವ ತಂತ್ರಜ್ಞರು ಇಲ್ಲದಿದ್ದರೆ ಬಡವರ ಮನೆಯ ದೀಪ ಉಳಿಯುವುದಿಲ್ಲ ಎಂದು ಕಂಡುಕೊಂಡವರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೀಗೆ ಊರು ಬಿಡದೆ ಮಾಡುವ ಎಂಜಿನಿಯರಿಂಗ್ ಬೇಕಾದಷ್ಟು ಇದೆ. ಟೈಲರಿಂಗ್, ಬ್ಯೂಟಿ ಪಾರ್ಲರ್ ತರಬೇತಿಗೆ ಹೆಂಗಸರು, ಮೋಟಾರು ತರಬೇತಿಗೆ ಗಂಡಸರು ಎಂದು ಅರ್ಜಿ ಹಾಕುವ ಮುಂಚೆಯೇ ಮನೆಯಲ್ಲಿ ಹಂಚಿಕೆಯಾಗಿರುತ್ತದೆಯಲ್ಲ, ಸಂಬಳವಿರುವ ಎಂಜಿನಿಯರ್ ತನ್ನ ಸ್ವಯಂಸೇವೆಯ ದಿನವನ್ನು ಆ ಹಂಚಿಕೆ ಮುರಿಯುವುದಕ್ಕೆ ಕೊಡಲಿ. ಸ್ವಸಹಾಯ ಸಂಘದ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದರೆ ಉತ್ತರ ಕೊಡಲಿ. ಏಪ್ರಿಲ್–ಮೇ ತಿಂಗಳಲ್ಲಿ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲೇ ಬರಲಿ. ರೋಬೋಟ್ ತರುವುದು ಬೇಡ, ಡಿಪ್ಲೊಮಾದ ಅರ್ಜಿ ಮತ್ತು ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದ ವಿವರ ತಂದರೆ ಸಾಕು. ಅದರಲ್ಲಿ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ ಎಂಬುದು ಎಷ್ಟು ಮನೆಗಳಿಗೆ ಗೊತ್ತು?

ಮಾಷ್ಟ್ರು: ಸಂಘದ ಹೆಂಗಸರನ್ನು ಕೇಳಿದರೆ ಅವರು ವಿದ್ಯಾರ್ಥಿವೇತನ ಕೇಳುವುದಿಲ್ಲ. ಮೊದಲು ಬಸ್ಸು ಕೇಳುತ್ತಾರೆ. ಲ್ಯಾಬ್ ಮುಗಿದು ಮಗಳು ಕತ್ತಲೆಗೆ ಮುಂಚೆ ಮನೆಗೆ ಮುಟ್ಟಬೇಕಲ್ಲ.

ಎಂಜಿನಿಯರ್: ಹಾಗಾದರೆ ಮೊದಲ ಬೇಡಿಕೆ ಅದೇ ಆಗಲಿ. ಲ್ಯಾಬ್ ಇರುವ ವಿಭಾಗ ಬೇಡ, ಸಂಜೆ ಬೇಗ ಬಿಡುವ ಕೋರ್ಸು ಸಾಕು ಎಂದು ಎಷ್ಟು ಅಪ್ಪಂದಿರು ಇಷ್ಟಕ್ಕೇ ತೀರ್ಮಾನ ಮಾಡುವುದಿಲ್ಲ! ಬಂದ ಎಂಜಿನಿಯರ್ ಕಾಲೇಜಿನ ವೇಳಾಪಟ್ಟಿಯನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಲಿ, ಲ್ಯಾಬನ್ನು ಬೆಳಗಿನ ಹೊತ್ತಿಗೆ ತರಲು ಪ್ರಾಂಶುಪಾಲರನ್ನು ಕೇಳಲಿ, ಆಗದಿದ್ದರೆ ಸಂಘದವರ ಜೊತೆ ಡಿಪೋ ಮ್ಯಾನೇಜರರ ಹತ್ತಿರ ಹೋಗಲಿ.

ಮಾಷ್ಟ್ರು: ಡಿಪೋ ಮ್ಯಾನೇಜರು ಜನ ಇದ್ದರೆ ಬಸ್ಸು ಬಿಡುತ್ತೇವೆ ಅನ್ನುತ್ತಾರೆ.

ಎಂಜಿನಿಯರ್: ಬಸ್ಸು ಬಿಟ್ಟರೆ ಜನ ಇರುತ್ತಾರೆ ಎನ್ನಬೇಕು. ಅದನ್ನು ಅಂಕಿಸಂಖ್ಯೆ ಹಿಡಿದು ತೋರಿಸಿಕೊಡುವುದಕ್ಕೆ ಎಂಜಿನಿಯರ್ ಬೇಕು, ಮಾಷ್ಟ್ರೇ. ಬಿಡುವವರೆಗೂ ಕೌಂಟರಿನ ಎದುರು ಕೂರುವುದನ್ನು ಸಂಘದ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.